ಮರಿ ಮುಟ್ಟದ ಕುರಿಗಾರ

ತುಕ್ಕಾನಟ್ಟಿಯ ಆ ಅಂಗಳಕ್ಕೆ ಇನ್ನೂ ಪೂರಾ ಬೆಳಕು ಬಂದಿಲ್ಲ. ಮಾಲಿಂಗ ತಮ್ಮ ಮೋಟಾರ್ ಸೈಕಲ್ಲಿನ ಹೊಟ್ಟೆಯ ಕೆಳಗೆ ಬೇವಿನ ಕೊರಡು ತುರುಕಿ, ಹಿಂದಿನ ಗಾಲಿ ನೆಲ ಬಿಡುವಷ್ಟು ಎತ್ತಿದ್ದಾರೆ. ಒಂದು ಕೈಯಲ್ಲಿ ಗಾಲಿ ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ಡೀಸೆಲ್ ಅದ್ದಿದ ಚಿಂದಿಯಿಂದ ಚೈನು ಒರೆಸುತ್ತಿದ್ದಾರೆ. ಒರೆಸಿದಷ್ಟೂ ಕರಿ ಕೆಸರು ಬರುತ್ತದೆ. ಅಂಗಳದ ಆಚೆ ತುದಿಯಲ್ಲಿ ಅವರ ಹೆಂಡತಿ ಸೀತವ್ವ ಕಾಲು ಮುರಿದ ಕುರಿಮರಿಯೊಂದನ್ನು ತೊಡೆಯ ಮೇಲೆ ಹಾಕಿಕೊಂಡು ಬಾಟಲಿಯಲ್ಲಿ ಹಾಲು ಕುಡಿಸಲು ನೋಡುತ್ತಿದ್ದಾರೆ. ಮರಿ ಮುಖ ತಿರುವಿ ಒದರುತ್ತದೆ. ಒದರಾಟ ಕೇಳಿ ಮಾಲಿಂಗ ಅರ್ಧ ಎದ್ದು ನಿಲ್ಲುತ್ತಾರೆ.

“ಅಲ್ಲೇ ಇರ್ರಿ. ಆ ಕೈಲೆ ಈ ಕಡೆ ಬರಬ್ಯಾಡ್ರಿ,” ಎನ್ನುತ್ತಾರೆ ಸೀತವ್ವ.

“ಬಂದೇನೇನ ಈಗ? ನೋಡಾಕತ್ತೇನಿ ಅಷ್ಟ.”

“ಕಣ್ಣಿಗೂ ಎಣ್ಣಿ ಹತ್ತೇತಿ ನಿಮಗ. ದೂರಿಂದನ ನೋಡ್ರಿ.”

ಮಾಲಿಂಗ ಮತ್ತೆ ಕುಕ್ಕರಿಸುತ್ತಾರೆ. ಮೊಣಕಾಲು ಲಟಕ್ಕೆಂದು ಸದ್ದು ಮಾಡುತ್ತದೆ. ಎಣ್ಣೆ ಮುಟ್ಟಿದ ಕೈ ಮರಿ ಮುಟ್ಟಬಾರದು; ಈ ಮನೆಯ ಕಟ್ಟಳೆ ಅದು.

ಇವತ್ತು ಸೋಮವಾರ. ಈ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮಾಲಿಂಗರ ಮನೆಯಲ್ಲಿ ಎತ್ತಿಲ್ಲ; ಆ ಸೂಟಿ ಗಾಡಿಗೆ ಸಲ್ಲುತ್ತದೆ. “ಸೂಟಿ ಅದಕ್ಕರಿ, ನನಗಲ್ಲ,” ಎನ್ನುತ್ತಾರೆ ಅವರು. ವಾರವಿಡೀ ಅವರು ಅದರ ಮೇಲೆ, ಸೋಮವಾರ ಅದರ ಕೆಳಗೆ. ಗೋಕಾಕದ ಗ್ಯಾರೇಜಿಗೆ ಬಿಟ್ಟರೆ ಅದು ಯಾವಾಗ ಹೊರಬರುತ್ತದೋ ಹೇಳಲಾಗದು. ಅಷ್ಟರಲ್ಲಿ ಕುರಿ ಹಿಂಡು ಇನ್ನೆಲ್ಲೋ ಇರುತ್ತದೆ. ಹಾಗಾಗಿ ಪಾನಾ, ಸುತ್ತಿಗೆ ಎಲ್ಲ ಮನೆಯ ಜೋಳದ ಚೀಲದ ಬಾಜೂಕ್ಕೇ ಇವೆ.

ಮಾಲಿಂಗರ ಕೆಲಸಕ್ಕೆ ಹೆಸರಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಪೀಕು ತೆಗೆದ ಮೇಲೆ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ಹಿಂಡು ನಿಲ್ಲಿಸುತ್ತಾರೆ. ಒಂದು ಹೊಲದಲ್ಲಿ ಎರಡೋ ಮೂರೋ ರಾತ್ರಿ, ಆಮೇಲೆ ಹಟ್ಟಿ ಕಿತ್ತು ಮತ್ತೊಂದು ಹೊಲಕ್ಕೆ. ದೊಡ್ಡ ಕುರಿಗಳು ನಡೆಯುತ್ತವೆ. ನಿನ್ನೆ ಮೊನ್ನೆ ಹುಟ್ಟಿದ ಮರಿಗಳು ನಡೆಯಲಾರವು. ಹಿಂದೆ ಅವನ್ನು ಕುದುರೆಯ ಬೆನ್ನಿಗೆ ಹಗ್ಗದ ಜಾಳಿಗೆ ಚೀಲ ಕಟ್ಟಿ ಸಾಗಿಸುತ್ತಿದ್ದರು. ಮಾಲಿಂಗರ ತಂದೆ ಆ ಕುದುರೆಯ ಹಗ್ಗ ಹಿಡಿದೇ ಮುದುಕರಾದವರು. ಈಗ ಕುದುರೆ ಸಾಕುವವರು ಕಡಿಮೆ; ಮರಿ ಹೊರುವುದು ಮಾಲಿಂಗರ ಗಾಡಿಯ ಪಾಲಿಗೆ ಬಂದಿದೆ. ಊರಿನಿಂದ ಹೋಗುವಾಗ ಕುರಿಗಾರರಿಗೆ ಬುತ್ತಿ, ಔಷಧ. ಹೋದ ಮೇಲೆ ಹಟ್ಟಿಯಿಂದ ಹಟ್ಟಿಗೆ ಮರಿ. ಸಂಜೆ ತಾಯಿಗಳು ಮೇದು ಬರುವುದರೊಳಗೆ ಮರಿಗಳು ಹೊಸ ಹಟ್ಟಿಯಲ್ಲಿ ಇರಬೇಕು.

ಗುಡ್ಡ, ಹಳ್ಳ ಹತ್ತಿಳಿಯಲೆಂದೇ ಮಾಡಿದ ಸಣ್ಣ ಗಾಡಿ ಅದು. ಮುಂದಿನ ಗಾಲಿ ದೊಡ್ಡದು, ಕುಲುಕು ತಡೆಯುವ ಶಾಕಪ್ ಉದ್ದ, ಎಂಜಿನ್ನು ನೆಲದಿಂದ ಗೇಣು ಮೇಲೆ. ಹುಕ್ಕೇರಿಯ ಬಟ್ಟೆ ಅಂಗಡಿಯವರೊಬ್ಬರು ಲಡಾಖಿಗೆ ಹೋಗುತ್ತೇನೆಂದು ಕೊಂಡಿದ್ದರು. ರಾಜ್ಯದ ಗಡಿ ದಾಟುವಷ್ಟರಲ್ಲಿ ಟೊಂಕ ಹಿಡಿದು ತಿರುಗಿ ಬಂದು ಮಾರಿಬಿಟ್ಟರು. ಇವತ್ತು ಅವರೇ ಬಂದರೂ ಅದರ ಗುರುತು ಹತ್ತಲಿಕ್ಕಿಲ್ಲ. ಹಿಂದೆ ಎರಡೂ ಬದಿಗೆ ಕಬ್ಬಿಣದ ಪಟ್ಟಿ ಬೆಸೆದು ಬಿದಿರಿನ ಬುಟ್ಟಿ ಕೂಡಿಸಲಾಗಿದೆ. ಸೈಲೆನ್ಸರ್ ಕಡೆಯ ಬುಟ್ಟಿಗೆ ಕಾವು ತಾಗದಂತೆ ಎಣ್ಣೆ ಡಬ್ಬಿಯ ತಗಡು, ತಗಡಿನ ಮೇಲೆ ಹಳೆಯ ಕಂಬಳಿ. ಎಂಜಿನ್ನಿಗೆ ಹೋಗುವ ಗಾಳಿ ಸೋಸಲು ಸೀತವ್ವನ ಸೀರೆಯ ಸೆರಗಿನ ತುಂಡೂ ಸೇರಿಕೊಂಡಿದೆ. ಹಿಂಡಿನವರೆಲ್ಲ ಅದನ್ನು ‘ಮಾಲಿಂಗನ ಕುದ್ರಿ’ ಎಂದೇ ಕರೆಯುತ್ತಾರೆ.

ಆದರೆ ಕುದುರೆಗೆ ಇಲ್ಲದ ಒಂದು ಕಾಟ ಇದಕ್ಕಿದೆ. ಮೊದಲ ವರ್ಷ ಮಾಲಿಂಗ ಚೈನಿಗೆ ಕೀಲೆಣ್ಣೆ ಬಳಿದಿದ್ದರು, ಬಂಡಿಯ ಅಚ್ಚಿಗೆ ಬಳಿಯುವ ಔಡಲೆಣ್ಣೆಯ ಕರಿ ಅಂಟು. ಗಾಲಿ ಎಂದರೆ ಕೀಲೆಣ್ಣೆ. ಅದರಾಚೆ ಯೋಚನೆ ಹೋಗಲಿಲ್ಲ. ಅಂಟಿಗೆ ಧೂಳು ಕೂತು ಚೈನು ತಾನು ಸುತ್ತುವ ಹಲ್ಲುಗಾಲಿಯನ್ನೇ ತಿಂದು ಸಡಿಲಾಯಿತು. ನಡುದಾರಿಯಲ್ಲಿ ಅದನ್ನು ಬಿಗಿದ ಕೈಯಲ್ಲೇ ಅವರು ಹಟ್ಟಿ ಸೇರಿ ಮರಿಗಳನ್ನು ಎತ್ತಿ ಇಳಿಸಿದರು. ಸಂಜೆ ತಾಯಿಗಳು ಬಂದವು, ಮೂಸಿದವು, ಹಾಯ್ದು ದೂಡಿದವು. ತನ್ನ ವಾಸನೆ ಇಲ್ಲದ ಮರಿಗೆ ಕುರಿ ಮೊಲೆ ಕೊಡುವುದಿಲ್ಲ.

“ತಾಯಿ ಮುಂದ ನಿಂತೇತಿ, ಕೆಚ್ಚಲ ತುಂಬೇತಿ, ಮರಿ ಉಪಾಸ,” ಎಂದು ಮಾಲಿಂಗ ನೆನೆಯುತ್ತಾರೆ. “ನಮ್ಮಪ್ಪ ಕುದ್ರಿ ಹೊಡ್ಯಾಗ ಇಂಥಾದ್ದೊಂದು ಕೇಳಿದ್ದಿಲ್ರಿ. ಎರಡು ಮರಿ ಹೊತ್ತ ಹೊಂಡೂದರಾಗ ಹೋಗಿಬಿಟ್ಟುವು.”

ಅಂದಿನಿಂದ ಮರಿಯನ್ನು ಬುಟ್ಟಿಗೆ ಇಡುವವರೂ ಕುರಿಗಾರರೇ, ಎತ್ತಿಕೊಳ್ಳುವವರೂ ಅವರೇ. ಮಾಲಿಂಗ ಗಾಡಿ ನಿಲ್ಲಿಸಿ ದೂರ ಸರಿಯುತ್ತಾರೆ. ಸಾಬೂನು, ಬೂದಿ, ಲಿಂಬೆಹಣ್ಣು ಎಲ್ಲ ತಿಕ್ಕಿ ನೋಡಿದ್ದಾಯಿತು. ವಾಸನೆ ಉಗುರಿನ ಸಂದಿಯಲ್ಲಿ ಬಿಡಾರ ಹೂಡಿದೆ. ಕೀಲೆಣ್ಣೆ ಬಿಟ್ಟು ಗೇರ್ ಎಣ್ಣೆಗೆ ಬಂದರೂ ಕಟ್ಟಳೆ ಬದಲಾಗಲಿಲ್ಲ.

ಈಗ ಸೀತವ್ವನ ತೊಡೆಯ ಮೇಲಿರುವ ಮರಿಯ ಕಥೆ ಮೊನ್ನೆ ಶುಕ್ರವಾರದ್ದು. ಯಮಕನಮರಡಿ ಹತ್ತಿರದ ಹಳ್ಳದಲ್ಲಿ ಗಾಡಿ ಕಲ್ಲಿಗೆ ತಡೆದು ನಿಂತಿತು. ಮಾಲಿಂಗ ಎಡಗಾಲು ಚಾಚಿದರು. ನೆಲ ಸಿಗಲಿಲ್ಲ. ಬೆನ್ನುನೋವಿಗೆಂದು ಸೀಟಿನ ಮೇಲೆ ತಾವೇ ಎರಡು ಪದರ ಸ್ಪಂಜು ಏರಿಸಿದ್ದರು. ಐವತ್ತು ದಾಟಿದ ಮೊಣಕಾಲು ಆ ಎತ್ತರಕ್ಕೆ ಒಗ್ಗಲಿಲ್ಲ. ಗಾಡಿ ಮಗ್ಗುಲಾಯಿತು. ಬುಟ್ಟಿಯಲ್ಲಿದ್ದ ಒಂದು ಮರಿಯ ಮುಂಗಾಲು ಮುರಿಯಿತು. ಹಿಂಡಿನ ಹಿರಿಯ ಗುರುಲಿಂಗಪ್ಪ ಬೈಯಲಿಲ್ಲ, ಕೇಳಿದರಷ್ಟೆ: “ಕುದ್ರಿ ಬೆಳದೇತೋ, ನೀನ ಸಣ್ಣಾಗಿಯೋ ಮಾಲಿಂಗ್ಯಾ? ನೋಡಿಕೊಂಡ ಬಾ. ಇನ್ನೊಮ್ಮೆ ಬಿದ್ದಿ ಅಂದರ ನಾ ಖರೇ ಕುದ್ರೀನ ತರತೇನಿ.”

ಬಿದಿರಿನ ಚಕ್ಕೆ ಇಟ್ಟು ಮುರಿದ ಕಾಲು ಕಟ್ಟುವುದು ಸೀತವ್ವ ತವರಾದ ನಾಗನೂರಿನಿಂದ ತಂದ ವಿದ್ಯೆ. ಗುರುಲಿಂಗಪ್ಪನವರ ಹೆಂಡತಿ ರಾಯವ್ವ ಮರಿಯನ್ನು ತಮ್ಮ ಸೀರೆಯ ತುಂಡಿನಲ್ಲಿ ಸುತ್ತಿ, ತಾವೇ ಬುಟ್ಟಿಗಿಟ್ಟು ತುಕ್ಕಾನಟ್ಟಿಗೆ ಕಳಿಸಿದರು. ಅಲ್ಲಿ ಹಟ್ಟಿಯಲ್ಲಿ ತಾಯಿಕುರಿಯ ಹಾಲು ಬತ್ತದಿರಲೆಂದು ರಾಯವ್ವ ದಿನಾ ಹಿಂಡುತ್ತಿದ್ದಾರೆ. ನಿನ್ನೆ ಅವರದೇ ಫೋನು: “ಇನ್ನ ತಡಾ ಮಾಡಿದರ ತಾಯಿ ಮರೀತೇತಪಾ. ಮಂಗಳಾರ ತಂದಬಿಡು.”

ಹಾಗಾಗಿ ಈ ಸೋಮವಾರ ಸೀಟಿನ ಪಾಳಿ. ಹೊದಿಕೆ ಬಿಚ್ಚಿ, ಕುರಿಯ ಉಣ್ಣೆ ತೆಗೆಯುವ ತಂದೆಯ ಕಾಲದ ಕತ್ತರಿ ಹಿಡಿದು, ಮಾಲಿಂಗ ಸ್ಪಂಜನ್ನು ಬೆನ್ನಿನಿಂದ ಬಾಲದ ಕಡೆಗೆ ಸವರುತ್ತ ಬರುತ್ತಾರೆ. ಥೇಟ್ ಕುರಿ ಕತ್ತರಿಸಿದ ಹಾಗೆ. ಹಿಂದಿನ ಶಾಕಪ್ಪಿನ ಬಿಗಿಯನ್ನೂ ಎರಡು ಸುತ್ತು ಇಳಿಸುತ್ತಾರೆ. ಗಾಡಿ ತಗ್ಗಾದರೆ ಚೈನಿನ ಸಡಿಲವೂ ಬದಲಾಗುತ್ತದೆ. ಅದನ್ನು ಬೆರಳಿನಿಂದ ಒತ್ತಿ ನೋಡಿ ಸರಿಮಾಡುತ್ತಾರೆ. ಒಂದು ಬಿಚ್ಚಿದರೆ ಇನ್ನೊಂದು ಬಿಚ್ಚಬೇಕು. ಬಿಸಿಲು ಅಂಗಳದ ನಡುವಿಗೆ ಬಂದಾಗ ಬ್ರೇಕಿನ ಸರದಿ. ಬ್ರೇಕ್ ಎಣ್ಣೆಯಲ್ಲಿ ಸೇರಿದ ಗಾಳಿ ತೆಗೆಯಲು ಇಬ್ಬರು ಬೇಕು. ಸೀತವ್ವ ಮರಿಯನ್ನು ಬುಟ್ಟಿಯಡಿ ಮುಚ್ಚಿಟ್ಟು, ಕೈಗೆ ಸೆರಗು ಸುತ್ತಿಕೊಂಡು ಬಂದು ಹ್ಯಾಂಡಲ್ ಹಿಡಿಯುತ್ತಾರೆ.

“ಹಿಂಡು… ಹಿಡದಿರು… ಬಿಡು.”

“ಎಷ್ಟ ಹಿಂಡ್ಲಿ? ಎಮ್ಮಿ ಆಗಿದ್ದರ ಇಷ್ಟೊತ್ತಿಗೆ ಒಂದ ತಂಬಗಿ ಹಾಲ ಕೊಡ್ತಿತ್ತು.”

“ಎಮ್ಮಿ ಹಳ್ಳದಾಗ ಬುಟ್ಟಿ ಹೊತ್ತ ಹೋಗತೇತೇನ?”

“ಹೋಗಂಗಿಲ್ಲ. ಬೀಳೂದೂ ಇಲ್ಲ.”

ಮಾಲಿಂಗ ನಗುತ್ತಾರೆ, ನಗುವಾಗಲೂ ಒಂದು ಕೈ ಟೊಂಕದ ಮೇಲೇ ಇರುತ್ತದೆ. ಸೀಟು ಕೂಡಿಸಿ, ಹತ್ತಿ ಕೂತು, ಎಡಗಾಲು ಚಾಚುತ್ತಾರೆ. ಚಪ್ಪಲಿಯ ಮುಂಭಾಗ ನೆಲಕ್ಕೆ ಊರುತ್ತದೆ. ಕೂತ ಸೀಟು ಮಾತ್ರ ಈಗ ಹಲಗೆಯಂಥ ಗಟ್ಟಿ.

“ಕಾಲಿಗೆ ನೆಲಾ ಸಿಕ್ಕಿತು. ಟೊಂಕಕ್ಕೇನ ಸಿಗತೇತಿ?” ಸೀತವ್ವನ ಪ್ರಶ್ನೆ.

“ಟೊಂಕದ್ದು ಇದ್ದದ್ದ ಬಿಡು.”

ಮಂಗಳವಾರ ನಸುಕಿನಲ್ಲಿ ಸೀತವ್ವ ಮರಿಯನ್ನು ಅದೇ ಸೀರೆಯ ತುಂಡಿನಲ್ಲಿ ಸುತ್ತಿ ಬುಟ್ಟಿಯಲ್ಲಿ ಇಡುತ್ತಾರೆ. ಹುಕ್ಕೇರಿ ದಾಟುವಷ್ಟರಲ್ಲಿ ಮಾಲಿಂಗ ಸೀಟಿನ ಮೇಲೆ ಮಗ್ಗಲು ಬದಲಿಸಿ ಬದಲಿಸಿ ಸೋತಿದ್ದಾರೆ. ಹಳ್ಳದಲ್ಲಿ, ಅದೇ ಕಲ್ಲಿನ ಹತ್ತಿರ, ಗಾಡಿ ಮತ್ತೆ ತಡೆಯುತ್ತದೆ. ಕಾಲು ನೀರಿಗಿಳಿದು ಉಸುಕಿಗೆ ಊರಿ ನಿಲ್ಲುತ್ತದೆ. ಗಾಡಿ ವಾಲುವುದಿಲ್ಲ. ಒಂದು ಗಳಿಗೆ ಹಾಗೇ ನಿಂತು, ಉಸಿರು ಬಿಟ್ಟು, ದಾಟುತ್ತಾರೆ.

ಹಟ್ಟಿಯಲ್ಲಿ ರಾಯವ್ವ ಮರಿಯನ್ನು ಎತ್ತಿ ತಾಯಿಯ ಮುಂದೆ ಇಳಿಸುತ್ತಾರೆ. ತಾಯಿ ಮೂಸುತ್ತದೆ. ಹಿಂದೆ ಸರಿದು ತಲೆ ತಗ್ಗಿಸಿ ಗುಮ್ಮುತ್ತದೆ. ಕಟ್ಟಿದ ಕಾಲಿನ ಮರಿ ಮಣ್ಣಿಗೆ ಉರುಳುತ್ತದೆ. ಮೂರು ಮಾರು ದೂರದಲ್ಲಿ ನಿಂತ ಮಾಲಿಂಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ.

“ನಾ ಮುಟ್ಟಿಲ್ಲ ಚಿಗವ್ವಾ,” ಎನ್ನುತ್ತಾರೆ.

“ನೀ ಮುಟ್ಟಿಲ್ಲೋ ಮಾರಾಯಾ, ಗೊತ್ತೈತಿ. ನಿನ್ನ ಮನಿ ಗಾಳೀಗೂ ಎಣ್ಣಿ ಹತ್ತೇತಿ.” ರಾಯವ್ವ ತಾಯಿಯನ್ನು ಮೊಣಕಾಲಿನಿಂದ ಒತ್ತಿ ಹಿಡಿದು, ಹಾಲು ಬೊಗಸೆಗೆ ಹಿಂಡಿ, ಮರಿಯ ಬೆನ್ನಿಗೆ, ಬಾಲದ ಬುಡಕ್ಕೆ ಸವರುತ್ತಾರೆ. ಗುರುಲಿಂಗಪ್ಪ ಬೀಡಿ ಹೊತ್ತಿಸುವುದನ್ನೂ ಮರೆತು ನೋಡುತ್ತಾರೆ. ತಾಯಿ ಮತ್ತೆ ಮೂಸುತ್ತದೆ. ಬಹಳ ಹೊತ್ತು ಮೂಸುತ್ತದೆ. ಆಮೇಲೆ ಗಂಟಲಲ್ಲೇ ಸಣ್ಣದಾಗಿ ಗುರುಗುಟ್ಟಿ, ಹಿಂಗಾಲು ಅಗಲಿಸಿ ನಿಲ್ಲುತ್ತದೆ. ಮರಿಯ ಬಾಲ ಅಲುಗತೊಡಗುತ್ತದೆ.

“ಕುದ್ರಿ ನಿಂದ ಇರ್ಲಿ ಹಂಗಾರ,” ಎಂದು ಗುರುಲಿಂಗಪ್ಪ ಬೀಡಿಗೆ ಕಡ್ಡಿ ಗೀರುತ್ತಾರೆ.

ಬದಲಿಸಬೇಕಾದ ಹಟ್ಟಿಯ ಮರಿಗಳು ಕಾಯುತ್ತಿವೆ. ಕುರಿಗಾರರು ಒಂದೊಂದಾಗಿ ಬುಟ್ಟಿ ತುಂಬುತ್ತಾರೆ. ಮಾಲಿಂಗ ಗಾಡಿಯ ಮರೆಗೆ ಕೂತು ಟೊಂಕ ಒತ್ತಿಕೊಳ್ಳುತ್ತಿದ್ದಾರೆ. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಕರಿಗಟ್ಟಿದ ಉಗುರುಗಳನ್ನು ಹೊರಳಿಸಿ ನೋಡುತ್ತಾರೆ.

“ಐತ್ರಿ. ಎಂದರ ಒಂದಿನ ಈ ಗಾಡಿ ಬಿಡೂದ ಬರತೇತಲ್ಲ, ಆವಾಗ ಪಾನಾ ಮುಟ್ಟದಂಗ ಸುಮ್ಮನ ಮನ್ಯಾಗ ಕುಂಡ್ರತೇನಿ. ಈ ಉಗುರ ಹೋಗಿ ಹೊಸಾವು ಬರತಾವ. ಬಂದ ಮ್ಯಾಲ ಒಂದು ಮರಿ ಎತ್ತಿಕೊಂತೇನ್ರಿ. ಕದ್ದಲ್ಲ, ಅದರ ತಾಯಿ ಮುಂದನ.”