ಪಾಳಿ ಬರೆದವಳ ಬಯೋಡೇಟಾ

"ಅಕ್ಕಾರ, ಖಾಲಿ ಕುಂತೇನಿ ಅಂತ ಯಾರರ ಬರಸ್ತಾರೇನ್ರಿ? ಗಿರಣಿ ಇನ್ನೂ ನಡದೈತಿ ಅಂತ ಹಾಕಿಬಿಡ್ತೇನಿ ತಗೋರಿ," ಎಂದ ನನ್ನ ಬಯೋಡೇಟಾ ಟೈಪ್ ಮಾಡುತ್ತಿದ್ದ ಬೈಲಹೊಂಗಲದ ಝೆರಾಕ್ಸ್ ಅಂಗಡಿಯವ.

ಆರು ವರ್ಷ ಅಲ್ಲಿಯ ಹತ್ತಿ ಗಿರಣಿಯಲ್ಲಿ ಲಾರಿಗಳ ಸರದಿ ಹಚ್ಚಿ ಕಳಿಸುವ ಕೆಲಸ ಮಾಡಿದ್ದೆ. ಗಿರಣಿ ಮುಚ್ಚಿ ಹದಿಮೂರು ತಿಂಗಳಾಗಿತ್ತು. ಹನ್ನೊಂದು ಕಡೆ ಅರ್ಜಿ ಹಾಕಿದರೂ ಒಬ್ಬರೂ ಕರೆದಿರಲಿಲ್ಲ. ಈಗ ಬೀಜದ ಗೋದಾಮಿಗೆ ಸೂಪರ್‌ವೈಸರ್ ಬೇಕೆಂದು ಜಾಹೀರಾತು ಬಂದಿತ್ತು. ದಿನವೂ ಲಾರಿ ಬಂದು ಹೋಗುವ ಗೇಟು. ಅದು ನನಗೆ ಬೇಕೇ ಬೇಕಿತ್ತು.

ಅಂಗಡಿಯವನ ಮಾತಿಗೆ ಸಿಟ್ಟು ನೆತ್ತಿಗೇರಿತು. ಸುಳ್ಳು ಹೇಳಿಕೊಟ್ಟ ಎಂದಲ್ಲ, ಖಾಲಿ ಕೂತವಳು ಎಂದನಲ್ಲ, ಅದಕ್ಕೆ.

"ನಾ ಎಲ್ಲಿ ಖಾಲಿ ಕುಂತೇನ್ರಿ ಅಣ್ಣಾರ? ಊರಾಗ ನೀರಿನ ಪಾಳಿ ಬರದೇನಿ. ಅದನ್ನ ಹಾಕ್ರಿ."

ಅವನು ನಕ್ಕ. ನಾನು ನಗಲಿಲ್ಲ. ಅವನು ಟೈಪ್ ಮಾಡಿದ.

ನಮ್ಮೂರು ಮುನವಳ್ಳಿಯ ಹತ್ತಿರ. ನವಿಲುತೀರ್ಥ ಅಣೆಕಟ್ಟಿನ ನೀರು ಕಾಲುವೆಯಲ್ಲಿ ಬಂದು, ಒಂದೇ ತೂಬಿನಿಂದ ನಲವತ್ತು ಹೊಲಗಳಿಗೆ ಹರಿಯಬೇಕು. ತೂಬಿನ ಬಾಯಿಗೇ ಗೌಡರ ಹೊಲ, ಕಟ್ಟಕಡೆಗೆ ನಿವೃತ್ತ ಮಾಸ್ತರರ ಹೊಲ. ಗೌಡರದು ಕೆರೆಯಾದರೂ ಮಾಸ್ತರರದು ಒಣಗಿಯೇ ಇರುತ್ತಿತ್ತು. ಎತ್ತು ಏರಿಗೆ, ಕೋಣ ನೀರಿಗೆ ಎನ್ನುವಂತೆ ಇಬ್ಬರೂ ಜಗ್ಗಾಡಿ, ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಗಿರಣಿ ಮುಚ್ಚಿ ನಾನು ಮನೆಗೆ ಮರಳಿದ ವಾರವೇ ಊರ ಹಿರಿಯರು, "ಲಾರಿ ಪಾಳಿ ಹಚ್ಚಿದಾಕಿ, ನೀರಿಂದೂ ಹಚ್ಚಿಬಿಡವಾ," ಎಂದರು.

ಎಕರೆಗೆ ಇಷ್ಟು ತಾಸು ಎಂದು ಲೆಕ್ಕ ಹಾಕಿ ಬರೆದೆ. ರಾತ್ರಿ ಪಾಳಿ ಯಾರಿಗೂ ಬೇಡ. ಮೊದಲ ರಾತ್ರಿ ಪಾಳಿಗೆ ನಮ್ಮಪ್ಪನ ಹೆಸರನ್ನೇ ಹಾಕಿದೆ.

"ನೀ ನನ್ನ ಮಗಳೋ, ವೈರಿಯೋ?" ಎಂದು ಅಪ್ಪ ತಟ್ಟೆಯಲ್ಲಿ ರೊಟ್ಟಿ ಬಿಟ್ಟು ಎದ್ದ. ಗೊಣಗುತ್ತಲೇ ಹೋಗಿ ನೀರು ಹಾಯಿಸಿ ಬಂದ. ಆಮೇಲೆ ನನ್ನ ಮುಂದೆ ಬಾಯಿ ತೆರೆಯಲು ಯಾರಿಗೂ ದಾರಿ ಉಳಿಯಲಿಲ್ಲ. ಪಟ್ಟಿಯನ್ನು ಹಿಟ್ಟಿನ ಗಿರಣಿಯ ಗೋಡೆಗೆ ಅಂಟಿಸಿದೆ. ಎರಡು ಹಂಗಾಮು ಒಂದೂ ಜಗಳವಿಲ್ಲದೆ ಕಳೆದವು.

ಬಯೋಡೇಟಾದ ಕೊನೆಗೆ, ನನ್ನನ್ನು ಬಲ್ಲ, ಸಂಬಂಧಿಕರಲ್ಲದ ಇಬ್ಬರ ಹೆಸರು, ಫೋನ್ ನಂಬರು ಹಾಕಬೇಕೆಂದು ಜಾಹೀರಾತಿನಲ್ಲಿತ್ತು. ಗೌಡರದೂ ಮಾಸ್ತರರದೂ ಕೊಟ್ಟೆ.

ಸಂದರ್ಶನದ ದಿನ ಗೋದಾಮಿನ ಮ್ಯಾನೇಜರ್ ನನ್ನೆದುರೇ ಸ್ಪೀಕರ್ ಹಾಕಿ ಗೌಡರಿಗೆ ಫೋನ್ ಹಚ್ಚಿದರು.

"ಆಕೀನ? ನನ್ನ ನೀರು ಎರಡ ತಾಸು ಕಡಿಮಿ ಮಾಡ್ಯಾಳ್ರಿ!" ಎಂದು ಗೌಡರು ಗುಡುಗಿದರು.

ಮಾಸ್ತರರಿಗೆ ಹಚ್ಚಿದರು. "ಗೌಡಗ ಇನ್ನೂ ಎರಡ ತಾಸು ಕಡಿಮಿ ಮಾಡಬೇಕಾಗಿತ್ರಿ. ಎಷ್ಟ ಹೇಳಿದ್ರೂ ಕೇಳಲಿಲ್ಲ ನೋಡ್ರಿ ಆಕಿ."

ನಾನು ಮುಖ ಕೆಳಗೆ ಹಾಕಲಿಲ್ಲ.

"ಇಬ್ಬರೂ ಬೈಯಾಕತ್ತಾರಲ್ರಿ. ಇಂಥವರ ಹೆಸರು ಯಾಕ ಕೊಟ್ರಿ?" ಎಂದರು ಮ್ಯಾನೇಜರ್.

"ಪಾಳಿ ಬ್ಯಾರೆಯವರ ಕೈಯಾಗ ಕೊಡ್ತೀರೇನು ಅಂತ ಒಂದ ಸಲ ಕೇಳ್ರಿ ಸರ್."

ಅವರು ಮತ್ತೆ ಗೌಡರಿಗೆ ಹಚ್ಚಿ ಕೇಳಿದರು.

"ಬ್ಯಾಡ್ರಿ, ಬ್ಯಾಡ್ರಿ," ಎಂದರು ಗೌಡರು. ದನಿ ಇಳಿದಿತ್ತು. "ನೀವ ಆಕೀನ ಇಟ್ಕೊಂಡ್ರ ನಮ್ಮ ಪಾಳಿ ಯಾರ ಬರೀಬೇಕ್ರಿ?"

ಮ್ಯಾನೇಜರ್ ಫೋನ್ ಕೆಳಗಿಟ್ಟು ನನ್ನ ಹಾಳೆಯನ್ನು ಇನ್ನೊಮ್ಮೆ ಓದಿದರು. ಸೋಮವಾರದಿಂದ ಬರಲು ಹೇಳಿದರು.

"ಬರತೇನ್ರಿ. ಆದ್ರ ರವಿವಾರ ರಜಾ ಬೇಕ್ರಿ ಸರ್," ಎಂದೆ. "ಊರಾಗ ಪಾಳಿ ಬರಿಯೂದೈತಿ."