ಮಾವನವರು ಚಾರ್ಜ್ ಕೊಟ್ಟದ್ದು

ಅಮೆರಿಕದ ಸರ್ಕಾರಕ್ಕೆ ಒಂದು ಗುಂಡುಸೂಜಿ ಮಾರಬೇಕೆಂದರೂ ಅದರ ವೆಬ್‌ಸೈಟಿನಲ್ಲಿ ನಿಮ್ಮ ಕಂಪನಿ ನೋಂದಣಿಯಾಗಿರಬೇಕು. ಒಮ್ಮೆ ನೋಂದಾಯಿಸಿದರೆ ಮುಗಿಯಲಿಲ್ಲ, ವರ್ಷಕ್ಕೊಮ್ಮೆ ನವೀಕರಿಸಬೇಕು. ಮರೆತಿರೋ, ನಿಮ್ಮ ಗುಂಡುಸೂಜಿ ಎಷ್ಟೇ ಚೂಪಾಗಿರಲಿ, ಅವರ ಪಾಲಿಗೆ ನೀವು ಇಲ್ಲವೇ ಇಲ್ಲ.

ನಾನು ಮಾಡುವುದು ಗಾಲಿಕುರ್ಚಿಯ ಕುಶನ್. ಮೊದಲು ಕಾರಿನ ಸೀಟುಗಳನ್ನು ಡಿಸೈನ್ ಮಾಡುತ್ತಿದ್ದೆ. ಆ ಕೆಲಸ ಹೋದಾಗ ಒಂದಷ್ಟು ದಿನ ಎಲ್ಲರ ಮೇಲೂ ಸಿಡಿಮಿಡಿಗೊಂಡು, ಆಮೇಲೆ ಇಲ್ಲೇ ಅಮೆರಿಕದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಒಂದು ಸಣ್ಣ ಶೆಡ್ಡನ್ನು ಬಾಡಿಗೆಗೆ ಹಿಡಿದೆ. ದಿನವಿಡೀ ಕೂತೇ ಇರಬೇಕಾದವರಿಗೆ ಮೈ ಹುಣ್ಣಾಗದಂಥ ಕುಶನ್ ಮಾಡಬೇಕೆಂಬ ಹುಚ್ಚು ನನಗೆ. ನಿವೃತ್ತ ಸೈನಿಕರ ಆಸ್ಪತ್ರೆಗಳು ಕೊಳ್ಳಬಹುದೆಂಬ ಆಸೆಯಿಂದ ನೋಂದಣಿಗೆ ಕೂತೆ.

ವೆಬ್‌ಸೈಟು ಕೇಳಿತು: ಕಂಪನಿಯ ಪರವಾಗಿ ಅಡ್ಮಿನಿಸ್ಟ್ರೇಟರ್ ಯಾರು? ಬುದ್ಧಿಯಿದ್ದವರು ತಮ್ಮ ಹೆಸರು ಹಾಕುತ್ತಾರೆ. ನಾನು ನನ್ನ ಮಾವನವರ ಹೆಸರು ಹಾಕಿದೆ. ಇಂಥ ಕೆಲಸ ನಮ್ಮವರು ಮಾತ್ರ ಮಾಡಿಯಾರು. ಲಗ್ನಪತ್ರಿಕೆಯಲ್ಲಿ ಮೊದಲು ಹಿರಿಯರ ಹೆಸರು, ಅಂಗಡಿಯ ಪೂಜೆಯಲ್ಲಿ ಮೊದಲ ಕಾಯಿ ಹಿರಿಯರ ಕೈಯಿಂದ. ಅದೇ ರೂಢಿಯಲ್ಲಿ ಅಮೆರಿಕ ಸರ್ಕಾರದ ಖಾಲಿ ಜಾಗವನ್ನೂ ತುಂಬಿಬಿಟ್ಟೆ. ಅವರು ಕಂಪನಿಯ ಬೋರ್ಡಿನಲ್ಲಿದ್ದರು, ಹಾಗಾಗಿ ಕಾನೂನಿನ ತೊಡಕೇನೂ ಇರಲಿಲ್ಲ.

"ಮಾವ, ಮೊದಲ ಹೆಸರು ನಿಮ್ಮದೇ ಇರ್ಲಿ," ಎಂದೆ.

"ಜವಾಬ್ದಾರಿ ಕೆಲಸ ಇದ್ದಂಗದ," ಎಂದರು ಅವರು, ಕನ್ನಡಕ ಏರಿಸಿಕೊಳ್ಳುತ್ತ.

ಮಾವ ಧಾರವಾಡದವರು, ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ನಾನು ಮೈಸೂರಿನವಳು. ಅವರ ಮಾತು ಮೊದಲ ವರ್ಷ ನನಗೆ ಜಗಳದಂತೆ ಕೇಳುತ್ತಿತ್ತು, ನನ್ನದು ಅವರಿಗೆ ಗೊಣಗಿದಂತೆ. ಅತ್ತೆ ತೀರಿಕೊಂಡ ಮೇಲೆ ವರ್ಷದ ಅರ್ಧವನ್ನು ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಮನೆಯಲ್ಲೂ ಉಳಿದರ್ಧವನ್ನು ಧಾರವಾಡದಲ್ಲಿ ಮಗಳ ಮನೆಯಲ್ಲೂ ಕಳೆಯುತ್ತಿದ್ದರು.

ನಾನೇನೋ ಗೌರವಕ್ಕೆಂದು ಕೊಟ್ಟೆ. ಅವರು ಅದನ್ನು ಹುದ್ದೆ ಎಂದೇ ತೆಗೆದುಕೊಂಡರು. ಬೆಳಿಗ್ಗೆ ಸ್ನಾನ, ಪೂಜೆ, ಅವಲಕ್ಕಿ. ಆಮೇಲೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಊಟದ ಮೇಜಿನ ಲ್ಯಾಪ್‌ಟಾಪಿನ ಮುಂದೆ ಹಾಜರು. ಪಾಸ್‌ವರ್ಡ್ ಒತ್ತಿ, ಫೋನಿಗೆ ಬಂದ ಕೋಡನ್ನು ಒಂದೊಂದೇ ಅಂಕಿ ಬಾಯಲ್ಲಿ ಹೇಳಿಕೊಂಡು ತುಂಬಿ, ನೋಂದಣಿ ಇನ್ನೂ ಚಾಲ್ತಿಯಲ್ಲಿದೆಯೇ ಎಂದು ನೋಡುತ್ತಿದ್ದರು. ಕಂಪನಿಯ ಉದ್ದದ ಗುರುತಿನ ಸಂಖ್ಯೆ ಅವರಿಗೆ ಗೋತ್ರ ಪ್ರವರದ ಹಾಗೆ ಬಾಯಿಪಾಠ. ಸಂಜೆ ನಾನು 696 ಹೆದ್ದಾರಿಯ ಟ್ರಾಫಿಕ್‌ನಲ್ಲಿ ಬೆಂದು ಮನೆಗೆ ಬಂದರೆ ಷೂ ಬಿಚ್ಚುವ ಮೊದಲೇ ವರದಿ: "ಇವತ್ತೂ ಚಾಲೂ ಅದವಾ."

ನೋಂದಣಿ ಮಾಡಿಸಿದವರ ಹೆಸರು, ಫೋನ್ ನಂಬರ್ ಹುಡುಕಿಕೊಂಡು ಕೆಲವು ಏಜೆಂಟರು ಕರೆ ಮಾಡುತ್ತಾರೆ. ಬಿಟ್ಟಿಯಾಗಿ ಆಗುವ ನವೀಕರಣವನ್ನು ದುಡ್ಡು ತೆಗೆದುಕೊಂಡು ಮಾಡಿಕೊಡುತ್ತೇವೆ ಎಂಬ ವ್ಯಾಪಾರ ಅವರದು. ನಾನಾದರೆ ಎರಡನೇ ಮಾತಿಗೇ ಫೋನ್ ಇಡುತ್ತಿದ್ದೆ. ಏಜೆಂಟನೊಬ್ಬ ಮಿಸ್ಟರ್ ಇಂಥವರಿದ್ದಾರೆಯೇ ಎಂದು ಕೇಳಿದರೆ ಮಾವ ಬೆನ್ನು ನೆಟ್ಟಗೆ ಮಾಡಿ "ಸ್ಪೀಕಿಂಗ್" ಎನ್ನುತ್ತಿದ್ದರು. ನಂತರ ಅವನ ಊರು, ಹವೆ, ಮಕ್ಕಳ ಓದು ಎಲ್ಲ ವಿಚಾರಿಸಿ, ಕೊನೆಗೆ ಏನೂ ಬೇಡ ಎಂದು ಹೇಳಿ, ಆ ಬಡಪಾಯಿಯ ಅರ್ಧ ದಿನ ಹಾಳು ಮಾಡುತ್ತಿದ್ದರು. ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಅದೊಂದು ಸಲ ದೀಪಾವಳಿಗೆ ಮೊದಲು ಮಾವ ಧಾರವಾಡಕ್ಕೆ ಹೊರಟರು. ಹೋಗುವ ಮುನ್ನ ಯಾರಿಗೂ ಹೇಳದೆ ತಮ್ಮ ಇಲ್ಲಿನ ಫೋನ್ ಲೈನನ್ನು ನಿಲ್ಲಿಸಿಬಿಟ್ಟಿದ್ದರು. ಊರಲ್ಲಿಲ್ಲದಾಗ ಲೈನ್ ಯಾಕೆ, ಹಾಲು ಪೇಪರ್ ನಿಲ್ಲಿಸುವುದಿಲ್ಲವೇ ಎಂಬ ಲೆಕ್ಕ. ಅಡ್ಮಿನಿಸ್ಟ್ರೇಟರ್ ಮಾತ್ರ ಮಾಡಬಹುದಾದ ನವೀಕರಣದ ದಿನ ಹತ್ತಿರ ಬಂದಾಗ ನಾನು ಅವರಿಗೆ ಫೋನ್ ಮಾಡಿ ಪಾಸ್‌ವರ್ಡ್ ಒತ್ತಲು ಹೇಳಿದೆ. ಒತ್ತಿದರು. ಕೋಡ್ ಮಾತ್ರ ಹೋಗುವುದು ಇಲ್ಲದ ನಂಬರಿಗೆ. ಅದೇ ವಾರ ಸೈನಿಕರ ಆಸ್ಪತ್ರೆಯೊಂದು ನಮ್ಮ ಕುಶನ್‌ಗೆ ಕೊಟೇಶನ್ ಕೇಳಿತ್ತು. ನೋಂದಣಿ ಜೀವಂತವಿಲ್ಲದಿದ್ದರೆ ಕೊಟೇಶನ್ ಕಸದ ಬುಟ್ಟಿಗೆ.

ಸಹಾಯವಾಣಿಯವರು ದಾರಿ ಹೇಳಿದರು. ಹಳೆಯ ಅಡ್ಮಿನಿಸ್ಟ್ರೇಟರನ್ನು ತೆಗೆದು ಹೊಸಬರನ್ನು ನೇಮಿಸಿದ್ದೇವೆಂದು ಕಂಪನಿಯ ಕಾಗದದಲ್ಲಿ ಪತ್ರ ಬರೆದು, ನೋಟರಿ ಮುಂದೆ ಸಹಿ ಮಾಡಿ ಕಳಿಸಬೇಕು. ಪತ್ರ ಬರೆದೆ. ಕಳಿಸಲು ಕೈ ಬರಲಿಲ್ಲ.

"ಅದಕ್ಕೇನಾತು, ಕಳಸು. ಅಪ್ಪಗ ಆಮ್ಯಾಲೆ ಹೇಳಿದ್ರಾತು," ಎಂದರು ಗಂಡ. ಅವರು ಡಾಕ್ಟರು, ಎಲ್ಲ ನೋವಿಗೂ ಆಮೇಲೆ ಎಂಬುದೊಂದು ಮಾತ್ರೆ ಇದೆ ಅವರ ಬಳಿ.

ನನಗೆ ಮಾವನ ದಿನ ಗೊತ್ತಿತ್ತು. ನಮ್ಮ ಬಡಾವಣೆಯಲ್ಲಿ ಕಾರಿಲ್ಲದವರು ಮೇಲ್‌ಬಾಕ್ಸ್‌ವರೆಗೆ ಮಾತ್ರ ಹೋಗಿ ಬರಬಹುದು. ನೋವೈ ಊರಿನ ದೇವಸ್ಥಾನಕ್ಕೆ ಹೋಗಬೇಕೆಂದರೆ ಶನಿವಾರ ಬರಬೇಕು, ನಮಗೆ ಬಿಡುವಾಗಬೇಕು. ನಾವಿಬ್ಬರೂ ಹೊರಟ ಮೇಲೆ ಅವರ ಕೈಯಲ್ಲಿ ಉಳಿಯುತ್ತಿದ್ದುದು ಈ ಒಂದು ಕೆಲಸ. ಅದನ್ನು ಅವರಿಗೆ ಗೊತ್ತಿಲ್ಲದೆ ಕಿತ್ತುಕೊಳ್ಳುವುದು ನನಗೆ ಸುತಾರಾಂ ಇಷ್ಟವಿರಲಿಲ್ಲ, ಕುಶನ್ ಆರ್ಡರ್ ಕೈತಪ್ಪುವುದೂ ಇಷ್ಟವಿರಲಿಲ್ಲ. ಎರಡು ದಿನ ಮನೆಯಲ್ಲಿ ಪಾತ್ರೆಗಳು ಜೋರಾಗಿ ಸದ್ದು ಮಾಡಿದವು. ಕೊನೆಗೆ ಧಾರವಾಡಕ್ಕೆ ಫೋನ್ ಮಾಡಿ ಎಲ್ಲ ಹೇಳಿದೆ.

ಮಾವ ಪೂರ್ತಿ ಕೇಳಿಸಿಕೊಂಡರು.

"ಆ ಫೋನ್ ನಾನ ಬಂದ್ ಮಾಡಿಸಿದೆ, ಅಲ್ಲಾ?" ಎಂದರು.

"ಇರ್ಲಿ ಬಿಡಿ ಮಾವ, ಅದು ಕೋಡ್ ಬರೋ ನಂಬರು ಅಂತ ನಾನೂ ಯೋಚ್ನೆ ಮಾಡ್ಲಿಲ್ಲ."

"ಪತ್ರ ಓದು."

ಇಂಗ್ಲಿಷ್ ಪತ್ರವನ್ನು ಓದಿದೆ. ಅವರನ್ನು ತೆಗೆದುಹಾಕಲಾಗಿದೆ ಎಂಬಲ್ಲಿಗೆ ಬಂದಾಗ ತಡೆದರು.

"ತಗದು ಹಾಕೂದು ರೊಕ್ಕಾ ತಿಂದವ್ರನ್ನ. ನಾ ಏನು ತಿಂದೀನಿ? ಅದನ್ನ ಹೊಡದು ಹಾಕು. ಬರಕೋ, ನಾ ಹೇಳ್ತೀನಿ."

ಆಮೇಲೆ ತಮ್ಮ ಕಚೇರಿಯ ಇಂಗ್ಲಿಷ್‌ನಲ್ಲಿ, ಅಲ್ಪವಿರಾಮ ಪೂರ್ಣವಿರಾಮ ಸಮೇತ, ತಮ್ಮನ್ನೇ ಬಿಡುಗಡೆ ಮಾಡುವ ಪತ್ರವನ್ನು ಹೇಳಿ ಬರೆಸಿದರು. ಸದರಿಯವರ ಕೋರಿಕೆಯ ಮೇರೆಗೆ ಅವರನ್ನು ಕಾರ್ಯಭಾರದಿಂದ ಮುಕ್ತಗೊಳಿಸಲಾಗಿದೆ, ದಾಖಲೆಗಳೆಲ್ಲ ಸುಸ್ಥಿತಿಯಲ್ಲಿ ಹಸ್ತಾಂತರಗೊಂಡಿವೆ, ಎಂದು ಅದರ ಅರ್ಥ. ಬರೆಯುತ್ತ ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಕೊನೆಯ ಸಾಲು ಮುಗಿಸಿ ಅವರು ಹೇಳಿದರು, "ಆತು. ಚಾರ್ಜ್ ಕೊಟ್ಟೆ. ಇನ್ನ ನಿಂದು."

ಬ್ಯಾಂಕಿನಲ್ಲಿ ನೋಟರಿಯೊಬ್ಬಳು ಒಂದಕ್ಷರವನ್ನೂ ಓದದೆ ಮೊಹರು ಒತ್ತಿದಳು. ಪತ್ರ ಮಂಜೂರಾಯಿತು, ನೋಂದಣಿ ನವೀಕರಣವಾಯಿತು, ಕೊಟೇಶನ್ ಸಮಯಕ್ಕೆ ಸರಿಯಾಗಿ ಹೋಯಿತು. ಆಸ್ಪತ್ರೆಯ ಆರ್ಡರ್ ಬಂದಾಗ ಮೊದಲ ಫೋನ್ ಧಾರವಾಡಕ್ಕೇ ಮಾಡಿದೆ. "ಛಲೋ ಆತು ನೋಡವಾ," ಎಂದು ಸಂತೋಷಪಟ್ಟರು. ವೆಬ್‌ಸೈಟಿನ ವಿಷಯ ಎತ್ತಲಿಲ್ಲ.

ಹಿಮ ಕರಗಿದ ಮೇಲೆ ಮಾವ ವಾಪಸು ಬಂದರು. ಹೊಸ ಫೋನ್ ಲೈನ್ ತೆಗೆಸಿಕೊಟ್ಟೆವು. ಬೆಳಿಗ್ಗೆ ಸ್ನಾನ, ಪೂಜೆ, ಅವಲಕ್ಕಿ ಮೊದಲಿನಂತೆಯೇ ನಡೆದವು. ಲ್ಯಾಪ್‌ಟಾಪ್ ಮೇಜಿನ ಮೇಲೆ ಮುಚ್ಚಿಯೇ ಇರುತ್ತಿತ್ತು. ಅವರು ಮನೆಯಲ್ಲಿ ತೊಡುವ ಬನಿಯನ್ನಿನಲ್ಲೇ ಕಿಟಕಿಯ ಬಳಿ ಕೂತು ಕಸದ ಲಾರಿ ಬರುವುದನ್ನು ಕಾಯುತ್ತಿದ್ದರು. ನಾನು ಎಷ್ಟು ದಿನ ನೋಡಲಿ? ಒಂದು ಬೆಳಿಗ್ಗೆ ಕಾರಿನ ಕೀ ಕೈಯಲ್ಲಿ ಹಿಡಿದೇ ಹೇಳಿದೆ.

"ಮಾವ, ನಿಮ್ಮನ್ನ ಮತ್ತೆ ಸೇರಿಸ್ತೀನಿ. ಇಬ್ರು ಇರಬಹುದು ಅಲ್ಲಿ."

"ಕೆಲಸ ಇದ್ರ ಸೇರಸು. ಗೌರವಕ್ಕಂದ್ರ ಬ್ಯಾಡ."

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ನಿಜ ಹೇಳ್ಬೇಕು ಅಂದ್ರೆ ಅದು ದಿನಾ ನೋಡೋ ಕೆಲಸ ಅಲ್ಲ ಮಾವ. ವರ್ಷಕ್ಕೊಂದ್ಸಲ ನವೀಕರಣ, ನಡುವೆ ಏನಾದ್ರೂ ಬದಲಾದ್ರೆ ತಿದ್ದೋದು. ಅಷ್ಟೇ."

"ಅದು ನನಗ ಮೊದಲನೇ ದಿನಾನ ಗೊತ್ತಿತ್ತವಾ. ಓದ್ಲಿಕ್ಕೆ ಬರ್ತದಲ್ಲ ನನಗ."

ನಾನು ಕೀಯನ್ನು ಮೇಜಿನ ಮೇಲಿಟ್ಟು ಕೂತೆ. "ಮತ್ತೆ ದಿನಾ ಯಾಕೆ ತೆಗೀತಿದ್ರಿ?"

ಮಾವ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು. "ನೀ ಮಾವ ಅಂತಿ. ಅವ ಅಪ್ಪಾ ಅಂತಾನ. ಧಾರವಾಡದಾಗ ಅಜ್ಜಾ, ಇಲ್ಲೆ ಗುಡಿಯೊಳಗ ಎಲ್ಲಾರಿಗೂ ಅಂಕಲ್. ನಿಮ್ಮತ್ತಿ ಅಂತೂ ಯಾವತ್ತೂ ಹೆಸರು ಹೇಳಿದಾಕಿ ಅಲ್ಲ. ಹೆಸರು ಹಿಡದು ಕರ್ಯಾವ್ರೆಲ್ಲಾ ಹೋಗಿಬಿಟ್ರು. ಆಫೀಸಿನ ಗೆಳ್ಯಾ ಒಬ್ಬ ಉಳಿದಿದ್ದ, ಅವನೂ ಹೋದ. ಆ ವೆಬ್‌ಸೈಟ್ ತಗದ್ರ, ಮ್ಯಾಲೆ ನನ್ನ ಹೆಸರು ಬರ್ತಿತ್ತು. ನೋಡಿ ಮುಚ್ಚತಿದ್ದೆ. ಅಷ್ಟ."

ಅವರ ಸೊಸೆಯಾಗಿ ಹದಿನೇಳು ವರ್ಷವಾಯಿತು, ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಶೆಡ್ಡಿಗೆ ತಡವಾಗಿ ಬರುತ್ತೇನೆಂದು ಮೆಸೇಜ್ ಕಳಿಸಿ, ಅಲ್ಲೇ ಕೂತು ಅವರನ್ನು ಮತ್ತೆ ಸೇರಿಸುವ ಅರ್ಜಿ ತುಂಬಿದೆ. ಅವರು ಬೇಡವೆನ್ನಲಿಲ್ಲ.

ಮರುದಿನ ಮಾವ ಇಸ್ತ್ರಿಯ ಅಂಗಿ ತೊಟ್ಟು ಬಂದು ಕೂತರು. ಹೊಸ ಫೋನಿಗೆ ಕೋಡ್ ಬಂತು. ಪುಟ ತೆರೆದುಕೊಂಡಿತು. ಸೊಸೆ ಮಾವನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂದು ತವರಿನಲ್ಲೂ ಹೇಳಿದ್ದರು, ಈ ಮನೆಗೆ ಬಂದಾಗ ಅತ್ತೆಯೂ ಹೇಳಿದ್ದರು. ನಾನು ಅವರ ಕುರ್ಚಿಯ ಹಿಂದೆ ನಿಂತು ಪರದೆಯ ಮೇಲಿದ್ದುದನ್ನು ಗಟ್ಟಿಯಾಗಿ ಓದಿದೆ. ಅವರ ಹೆಸರು, ಅವರ ತಂದೆಯ ಹೆಸರು, ಮನೆತನದ ಹೆಸರು.

ಮಾವ ಹಿಂತಿರುಗಿ ನೋಡಲಿಲ್ಲ.

"ಇನ್ನೊಮ್ಮೆ ಓದವಾ," ಎಂದರು.