ಮಾವ ‘ಪ್ರೊಫೆಸ್ಡ್’ ಎಂದ ಗಂಡು

ಅಕ್ಕನಿಗೆ ಅರಕಲಗೂಡಿನಿಂದ ಗಂಡು ಬಂದಾಗ ನಾವು ಹೊಳೆನರಸೀಪುರದಲ್ಲಿದ್ದೆವು. ಅಪ್ಪನದು ಕೊಬ್ಬರಿ ವ್ಯಾಪಾರ. ಲೋಯರ್ ಸೆಕೆಂಡರಿ ಪರೀಕ್ಷೆ ಮುಗಿಸದೆ ಸ್ಕೂಲು ಬಿಡುವುದಿಲ್ಲವೆಂದು ಅಕ್ಕ ಹಟ ಹಿಡಿದಿದ್ದಳು. ಮದುವೆಯಾದ ಮೇಲೂ ಓದಿಸುತ್ತೇನೆ ಎಂದು ಹುಡುಗ ಹೇಳಿಕಳಿಸಿದ್ದ.

ಹಾಸನದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದ ನಮ್ಮ ಸೋದರಮಾವ ಅವನನ್ನು ಬಲ್ಲವರು. ಅವರು ಊಟಕ್ಕೆ ಬಂದಾಗ ಅಪ್ಪ ವಿಚಾರಿಸಿದರು.

“ಹೆಣ್ಮಕ್ಕಳ ಓದಿಗೆ ಅವನು ಪ್ರೊಫೆಸ್ಡ್ ಸಪೋರ್ಟರು, ಭಾವ.”

“ಅಂಗಂದ್ರೆ?” ಅಮ್ಮ ಸೌಟು ಹಿಡಿದೇ ಕೇಳಿದಳು.

“ನಾನು ಅದರ ಪರ ಅಂತ ನಾಕು ಜನದ ಮುಂದೆ ಬಾಯ್ಬಿಟ್ಟು ಹೇಳ್ಕಂಡೋನು ಅಂತ, ಅಕ್ಕ.”

“ಹೇಳ್ದಂಗೆ ಮಾಡ್ತಾನಾ?”

“ಆ ಪದ ಅದನ್ನ ಹೇಳಲ್ಲ. ಸುಳ್ಳು ಅಂತಾನೂ ಅನ್ನಲ್ಲ. ವ್ರತ ತಗಂಡ ಸನ್ಯಾಸಿಗೂ ಇದೇ ಪದ. ಸ್ನೇಹಿತ ಅಂತ ಹೇಳ್ಕಂಡು ತಿರುಗೋನ ಮೇಲೆ ಅನುಮಾನ ಬಂದ್ರೂ ಇದೇ ಪದ.”

“ಚೆನ್ನಾಗದೆ ಕಣಪ್ಪ ನಿನ್ ಇಂಗ್ಲಿಷು! ಹೆಣ್ಣು ಕೊಡೋರು ಏನ್ಮಾಡ್ಬೇಕು?”

ಮಾವ ಮಜ್ಜಿಗೆ ಕೇಳಿದರು.

ಮುಂದಿನ ವಾರ ಗಂಡಿನ ಮನೆ ನೋಡಲು ಹೋದೆವು. ಅಪ್ಪ ಅಟ್ಟ, ಕೊಟ್ಟಿಗೆ, ಬಾವಿ ಎಲ್ಲ ನೋಡಿ ಬಂದರು. ಅಮ್ಮ ಕೂತಲ್ಲೇ ಕೂತು, ಕಾಫಿ ತಂದ ಹುಡುಗನ ತಂಗಿಯನ್ನು ಕೇಳಿದಳು, “ಯಾವ ಕ್ಲಾಸವ್ವ?”

“ಬಿಡ್ಸವ್ರೆ.”

ಹುಡುಗನ ಮುಖ ಕೆಂಪಾಯಿತು. “ಅದು... ಅಪ್ಪಯ್ಯ ಬಿಡ್ಸಿದ್ದು.”

“ಇರ್ಲಿ ಕಣಪ್ಪ. ನಿನ್ ತಂಗಿಗೇ ಆಗ್ದಿದ್ದು ನನ್ ಮಗಳಿಗೆ ಎಂಗಾಯ್ತದೆ? ಮೊದ್ಲು ಇವಳ್ನ ಸ್ಕೂಲಿಗೆ ಕಳ್ಸು. ಆಮೇಲೆ ಮಾತಾಡಾನ.”

ಬಸ್ಸಿನಲ್ಲಿ ಅಪ್ಪ ಸಿಡುಕಿದರು. “ಬಂಗಾರದಂತಾ ಸಂಬಂಧ ಕಳ್ದೆ ಕಣೇ.” ಅಮ್ಮ ಕಿಟಕಿಯ ಕಡೆ ತಿರುಗಿ, ಮಡಿಲಲ್ಲಿದ್ದ ಪುರಿ ತಿನ್ನುತ್ತ ಬಂದಳು.

ಬೇಸಿಗೆ ರಜ ಮುಗಿದು ಸ್ಕೂಲು ಶುರುವಾದ ಮೇಲೆ ಮಾವ ಸುದ್ದಿ ತಂದರು. ಹುಡುಗ ತನ್ನ ಅಪ್ಪನ ಜೊತೆ ಜಗಳವಾಡಿ, ಮಾತು ಬಿಟ್ಟು, ಕೊನೆಗೆ ತಾನೇ ತಂಗಿಯನ್ನು ಸ್ಕೂಲಿಗೆ ಸೇರಿಸಿ ಬಂದಿದ್ದನಂತೆ. ನಮ್ಮಪ್ಪ ಆಗಲೇ ಪಂಚಾಂಗಕ್ಕೆ ಕೈ ಹಾಕಿದ್ದರು.

“ದಸರಾ ಕಳೀಲಿ. ಅಲ್ಲೀಗಂಟ ಆ ಹೆಣ್ಮಗ ಸ್ಕೂಲಿಗೆ ಓಯ್ತದಾ ನೋಡಾನ,” ಎಂದಳು ಅಮ್ಮ.

ಹುಡುಗಿ ಸ್ಕೂಲು ಬಿಡಲಿಲ್ಲ. ದಸರಾ ಆದ ಮೇಲೆ ವೀಳ್ಯ ಬದಲಾಯಿಸಿದರು.

ಮದುವೆಯಾದ ಮೇಲೆ ಬಸಿರು ಬಾಣಂತನದಲ್ಲಿ ಅಕ್ಕನ ಪರೀಕ್ಷೆ ತಡವಾಯಿತು. ಭಾವನೇ ಫೀಜು ಕಟ್ಟಿ ಪರೀಕ್ಷೆಗೆ ಕರೆದುಕೊಂಡು ಬಂದರು. ಅಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಸ್ಕೂಲಿನ ಹೊರಗೆ ಹುಣಸೆಮರದ ಕೆಳಗೆ ಕೂತಿದ್ದಳು. ಮಗು ಅತ್ತ ಸದ್ದಿಗೆ ಅಕ್ಕ ಓಡಿಬಂದಳು.

“ಕೊನೇ ಪ್ರಶ್ನೆ ಬಿಟ್ಬಂದೆ ಕಣವ್ವ.”

ಆದರೂ ಪಾಸಾದಳು.